ಸಾಹೇಬರು ಚಾರ್ಜ್ ತೆಗೆದುಕೊಳ್ಳುತ್ತಿಲ್ಲ

ಭಾರದಲ್ಲಿ ಹಲವು ಬಗೆ. ಹೊತ್ತ ಮೂಟೆಯದು ಒಂದು ಭಾರ, ಹೊರಿಸಿದ ಆರೋಪದ್ದು ಇನ್ನೊಂದು. ಇವೆರಡನ್ನೂ ಹೇಗೋ ಕೆಳಗಿಳಿಸಬಹುದು. ಇಳಿಸಲು ಬಾರದ ಮೂರನೆಯ ಬಗೆಯೊಂದಿದೆ, ಅದು ಸರ್ಕಾರಿ ಕಚೇರಿಗಳಲ್ಲಿ ಮಾತ್ರ ಸಿಗುತ್ತದೆ. ಅದರ ಹೆಸರು ಪ್ರಭಾರ. ಸಾಹೇಬರ ಕುರ್ಚಿ ಖಾಲಿ ಬಿದ್ದಾಗ, ಹೊಸಬರು ಬರುವತನಕ ಸ್ವಲ್ಪ ನೋಡಿಕೊಳ್ಳಿ ಎಂದು ಕೆಳಗಿನವನೊಬ್ಬನ ತಲೆಗೆ ಕಟ್ಟುವ ಕೆಲಸ. ಸಂಬಳ ಹಳೆಯದು, ಬೈಗುಳ ಮಾತ್ರ ಹೊಸದು.

ಅಳತೆ ಮತ್ತು ತೂಕದ ಆ ಪುಟ್ಟ ಕಚೇರಿಯ ಹಿರಿಯ ಗುಮಾಸ್ತನ ತಲೆಗೆ ಇದನ್ನು ಕಟ್ಟುವಾಗ ಹದಿನಾಲ್ಕು ದಿನ ಎಂದಿದ್ದರು. ಹದಿನಾಲ್ಕು ತಿಂಗಳಾಯಿತು. ಈಗ ಅವನ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಕಚೇರಿಯವರು, ಓಣಿಯವರು, ತಕ್ಕಡಿಗೆ ಮುದ್ರೆ ಹಾಕಿಸಲು ಬರುವ ಅಂಗಡಿಯವರು, ಎಲ್ಲರಿಗೂ ಅವನು ಪ್ರಭಾರಿ.

ಪ್ರಭಾರಿಯ ಹೆಂಡತಿ ಬಸ್ಸಿನಲ್ಲಿ ಆರು ಗಂಟೆಯ ಹಾದಿಯಷ್ಟು ದೂರದ ಇನ್ನೊಂದು ಊರಿನಲ್ಲಿ ಶಾಲಾ ಟೀಚರು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಅದರಲ್ಲಿ ಕೊನೆಯ ಆರು ವರ್ಷ ಫೋನಿನ ಪರದೆಯಲ್ಲೇ ಸಂಸಾರ. ಆರು ವರ್ಷ ಅರ್ಜಿ ಹಾಕಿದ ಮೇಲೆ ಅವಳ ಊರಿಗೆ ವರ್ಗವಾಗಿತ್ತು. ಆದೇಶದಲ್ಲಿ ಒಂದೇ ಒಂದು ಮುಳ್ಳು: ಹೊಸ ಸಾಹೇಬರು ಇಂದು ಸಂಜೆ ಐದರೊಳಗೆ ಚಾರ್ಜ್ ತೆಗೆದುಕೊಂಡರೆ ಮಾತ್ರ ಪ್ರಭಾರಿ ರಿಲೀವ್ ಆಗುತ್ತಾನೆ. ರಿಲೀವ್ ಆದರೆ ಆರರ ಬಸ್ಸು, ನಾಳೆ ಬೆಳಗ್ಗೆ ಅಲ್ಲಿ ಹಾಜರಿ. ತಪ್ಪಿದರೆ ಆ ಜಾಗ ಪಟ್ಟಿಯಲ್ಲಿರುವ ಮುಂದಿನವರಿಗೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಈಗ ಚಾರ್ಜ್ ಕೊಡುವುದೂ ಕಂಪ್ಯೂಟರಿನಲ್ಲೇ. ಕೊಡುವವನ ಮೊಬೈಲಿಗೆ ಆರಂಕಿಯ ಓಟಿಪಿ ಬರುತ್ತದೆ. ಅದನ್ನು ತೆಗೆದುಕೊಳ್ಳುವವರ ಮುಂದೆ ಹಾಕಿದರೆ ಅಧಿಕಾರ ಈ ಕೈಯಿಂದ ಆ ಕೈಗೆ ದಾಟುತ್ತದೆ. ಮೊದಲು ಅಧಿಕಾರ ದಾಟಲು ಇಬ್ಬರ ಸಹಿ ಸಾಕಿತ್ತು. ಈಗ ಸಹಿಗೆ ಬೆಲೆಯಿಲ್ಲ, ಬ್ಯಾಟರಿಗೆ ಬೆಲೆ.

ಪ್ರಭಾರಿಯ ಮೊಬೈಲಿಗೆ ಒಂದು ಹೆಸರಿತ್ತು. ಇಟ್ಟವಳು ಹೆಂಡತಿ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಅದು ಹೇಳಿದ್ದಕ್ಕೆಲ್ಲ "ಸರಿ" ಒತ್ತುವುದನ್ನು ನೋಡಿ, ರಜೆಗೆ ಬಂದಿದ್ದ ಅವಳು ಒಂದು ದಿನ, "ನಿಮ್ಮ ಸಾಹೇಬ್ರಿಗೆ ಸ್ವಲ್ಪ ರಜ ಕೊಡ್ರೀ" ಎಂದಿದ್ದಳು. ಅಂದಿನಿಂದ ಅದು ಸಾಹೇಬರು. ಹೋದ ವರ್ಷ ಸಾಹೇಬರು ನೀರಿನ ಬಕೆಟಿಗೆ ಬಿದ್ದು, ಚಾರ್ಜರ್ ಚುಚ್ಚುವ ಬಾಯಿ ಕೆಟ್ಟುಹೋಗಿತ್ತು. ಸಿಮ್ಮಿನ ತಟ್ಟೆಯೂ ಒಳಗೇ ಅಂಟಿಕೊಂಡಿತ್ತು. ಆಗ ಪೇಟೆಯ ರಿಪೇರಿಯವನು ತಂತಿಯಿಲ್ಲದೆ ಬೆನ್ನಿನ ಮೂಲಕ ಕರೆಂಟು ಉಣಿಸುವ ಒಂದು ಸ್ಟ್ಯಾಂಡು ಕೊಟ್ಟ. ಹೆಂಡತಿ ಅದಕ್ಕೆ ಪೀಠವೆಂದಳು. ಚಳಿಯಾಗದಿರಲಿ ಎಂಬಂತೆ ಪ್ರಭಾರಿ ತೊಡಿಸಿದ್ದ ದಪ್ಪ ಚರ್ಮದ ಕವರಿಗೆ ಕೋಟು ಎಂದಳು. ಹೀಗೆ ಸಾಹೇಬರು ಕೋಟು ಹಾಕಿಕೊಂಡು ಪೀಠವೇರಿ ಬೆನ್ನಿನಿಂದ ಉಣ್ಣುತ್ತಿದ್ದರು. ರಿಪೇರಿಯವನಿಗೂ ಈ ಭಾಷೆ ರೂಢಿಯಾಗಿತ್ತು. ಕಚೇರಿಯಲ್ಲಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲವೆಂಬುದು ಹೆಂಡತಿಗೆ ಗೊತ್ತಿರಲಿಲ್ಲ. ಸರ್ಕಾರಿ ನೌಕರ ತನ್ನ ಮೊಬೈಲನ್ನು ಸಾಹೇಬ್ರು ಎನ್ನುತ್ತಾನೆಂದು ತಿಳಿದರೆ ಮರ್ಯಾದೆ ಏನಾದೀತು? ಅದೇನಾಯಿತೆಂಬುದೇ ಮುಂದಿನ ಕಥೆ.

ಹಿಂದಿನ ಸಂಜೆ ಪ್ರಭಾರಿ ಗಂಟುಮೂಟೆ ಕಟ್ಟುತ್ತಿದ್ದಾಗ ಸಾಹೇಬರು ಒಮ್ಮೆ ನಡುಗಿ, "ಹೊಸ ಆವೃತ್ತಿ ಲಭ್ಯವಿದೆ. ಅಪ್‌ಡೇಟ್ ಮಾಡಲೇ?" ಎಂದು ಕೇಳಿದರು. ಮೂವತ್ತು ವರ್ಷಗಳಿಂದ ಕಣ್ಣೆದುರು ಬಂದ ಕಾಗದಕ್ಕೆಲ್ಲ ಓದದೆ ಸಹಿ ಹಾಕಿದ ಬೆರಳು ತಾನಾಗಿ "ಸರಿ" ಒತ್ತಿತು. ಅದೇ ಸಂಜೆ ಕಚೇರಿಯ ಕಬ್ಬಿಣದ ಬೀರುವಿನ ಕೀಲಿಯನ್ನು ಎಲ್ಲಾದರೂ ಮರೆತುಬಿಟ್ಟೇನೆಂದು ಹೆದರಿ, ಬಹಳ ಭದ್ರವಾದ ಒಂದು ಜಾಗದಲ್ಲಿ ಇಟ್ಟ. ಅದು ಎಷ್ಟು ಭದ್ರವಾಗಿತ್ತೆಂದರೆ, ಇಟ್ಟವನಿಗೇ ಬೆಳಗಾಗುವಷ್ಟರಲ್ಲಿ ಅದು ಗೊತ್ತಿರಲಿಲ್ಲ.

ಬೆಳಗ್ಗೆ ಸಾಹೇಬರು ಪೀಠದ ಮೇಲಿದ್ದರು, ಆದರೆ ಬ್ಯಾಟರಿ ಹನ್ನೊಂದು. ಮುಟ್ಟಿದರೆ ಸುಡುತ್ತಿತ್ತು. ಬೆರಳಿಟ್ಟರೆ ಎರಡು ನಿಮಿಷ ಯೋಚಿಸಿ ಆಮೇಲೆ ಬೇರೆ ಏನನ್ನೋ ತೆರೆಯುತ್ತಿತ್ತು. ಪರದೆಯ ಮೇಲೊಂದು ಸಾಲು: "ಪರಿಕರವನ್ನು ಗುರುತಿಸಲಾಗುತ್ತಿಲ್ಲ." ಒಂದು ವರ್ಷ ಬೆನ್ನಿಗೆ ಬೆನ್ನು ಕೊಟ್ಟ ಪೀಠವನ್ನು ಈಗ ಗುರುತಿಲ್ಲವಂತೆ. ಅಪ್‌ಡೇಟ್ ಆದವರು ಹಳೆಯ ಪರಿಚಯದವರನ್ನು ಗುರುತಿಸದಿರುವುದು ಹೊಸತೇನಲ್ಲ, ಆದರೆ ಇಂದೇ ಆಗಬೇಕಿತ್ತೇ? ಹೆಂಡತಿಗೆ ಕರೆ ಮಾಡಿ "ಸಾಹೇಬ್ರಿಗೆ ಹುಷಾರಿಲ್ಲ, ಮೈ ಸುಡ್ತಿದೆ, ಚಾರ್ಜ್ ತಗೊಳ್ತಿಲ್ಲ" ಎನ್ನುವಷ್ಟರಲ್ಲಿ ಮಾತೂ ಕಡಿಯಿತು. ಪ್ರಭಾರಿ ಎರಡು ಚೀಲ, ಒಂದು ಪೆಟ್ಟಿಗೆ, ಪೀಠಸಮೇತ ಸಾಹೇಬರನ್ನು ಹೊತ್ತು ಕಚೇರಿಗೆ ಬಂದ.

ಕಚೇರಿಯ ಬಾಗಿಲಲ್ಲೇ ನೆಲಕ್ಕೆ ಹೂತ ದೊಡ್ಡ ತೂಕದ ಯಂತ್ರವಿದೆ. ದಿನವೂ ಒಳಗೆ ಬರುವ ಮೊದಲು ಅದರ ಮೇಲೆ ನಿಲ್ಲುವುದು ಪ್ರಭಾರಿಯ ಅಭ್ಯಾಸ. ಹೊರೆಯನ್ನೆಲ್ಲ ಕೆಳಗಿಟ್ಟು ನಿಂತ, ಮುಳ್ಳು ಎಪ್ಪತ್ತೆರಡು ತೋರಿಸಿತು. ಮುದ್ರೆ ಬಿದ್ದ ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂಬುದು ಅವನು ಜೀವನದಲ್ಲಿ ನಂಬಿದ ಒಂದೇ ಮಾತು. ಅದಕ್ಕಾಗಿ ಎಷ್ಟೋ ಅಂಗಡಿಯವರ ಜೊತೆ, ಒಮ್ಮೆ ಹೆಂಡತಿಯ ಜೊತೆಯೂ, ಜಗಳವಾಡಿದ್ದ.

ಹತ್ತೂವರೆಗೆ ಹೊಸ ಸಾಹೇಬರು ಬಂದರು. ನಸುಕಿನ ಬಸ್ಸಿನಲ್ಲಿ ಬಂದವರು, ಚಳಿಗೆಂದು ಹಾಕಿದ ದಪ್ಪ ಕೋಟು ಇನ್ನೂ ಮೈಮೇಲಿತ್ತು. ಹಸ್ತಾಂತರದ ಪಟ್ಟಿಯನ್ನು ಕೈಗೆ ತೆಗೆದುಕೊಂಡು, "ಒಂದೊಂದೇ ನೋಡ್ಕೊಂಡು ಬರ್ತೀನಿ, ಆಮೇಲೆ ಮುಂದಿನ ಮಾತು" ಎಂದು ಕೊಠಡಿ ಸೇರಿ ಕುರ್ಚಿಯಲ್ಲಿ ಕುಳಿತರು. ಹಿತ್ತಾಳೆಯ ತೂಕದ ಬಟ್ಟುಗಳನ್ನು ಒಂದೊಂದಾಗಿ ಎಣಿಸುತ್ತ ನಡುನಡುವೆ ಕಣ್ಣು ಮುಚ್ಚುತ್ತಿದ್ದರು. ನಿದ್ದೆಗೆಟ್ಟ ಮನುಷ್ಯ.

ಇತ್ತ ಪ್ರಭಾರಿ ಪೀಠವನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಸಾಹೇಬರನ್ನು ಕೂರಿಸಿ, ಒಂದು ಗಂಟೆ ಕಾದ. ಹನ್ನೊಂದಿದ್ದದ್ದು ಒಂಬತ್ತಾಯಿತು. ಕೊನೆಗೆ ಪಡಸಾಲೆಯ ಮೂಲೆಯಲ್ಲಿದ್ದ ಕಚೇರಿಯ ಫೋನಿನಿಂದ ರಿಪೇರಿಯವನಿಗೆ ಕರೆ ಮಾಡಿದ. ಅದೇ ಹೊತ್ತಿಗೆ ಹಳೆಯ ಅಟೆಂಡರ್ ಕೊಠಡಿಗೆ ಚಹಾ ಒಯ್ಯುತ್ತ ಅವನ ಬೆನ್ನ ಹಿಂದೆ ಬಂದು ನಿಂತಿದ್ದ. ನಿವೃತ್ತಿಗೆ ಇನ್ನು ಎರಡು ವರ್ಷವಿದ್ದ ಅಟೆಂಡರಿಗೆ ಕಿವಿ ಸ್ವಲ್ಪ ಮಂದ, ಕುತೂಹಲ ಚುರುಕು. ಅವನಿಗೆ ಕೇಳಿಸಿದ್ದು ಇಷ್ಟು:

"ಹೂಂ, ಸಾಹೇಬ್ರದ್ದೇ ಕಷ್ಟ ಕಣಪ್ಪ. ಪೀಠದ ಮೇಲೆ ಕೂತು ಒಂದು ಗಂಟೆ ಆಯ್ತು, ಚಾರ್ಜ್ ತಗೊಳ್ತಾನೇ ಇಲ್ಲ… ಬಿಸಿನಾ? ಕೆಂಡ. ಮುಟ್ಟೋಕಾಗಲ್ಲ… ಹೂಂ, ತಟ್ಟಿ ನೋಡ್ದೆ. ತಟ್ಟಿದ್ರೆ ಎರಡು ನಿಮಿಷ ಬಿಟ್ಟು ಕಣ್ಣು ಬಿಡ್ತಾರೆ, ಮತ್ತೆ ಮುಚ್ಕೊಂಡ್ಬಿಡ್ತಾರೆ… ನಿನ್ನೆವರೆಗೂ ಚುರುಕಾಗೇ ಇದ್ರು, ಮೇಲಿಂದ ಅದೇನೋ ಹೊಸದು ಬಂತಲ್ಲ, ಅಲ್ಲಿಂದ ಹಿಂಗೆ… ಇಲ್ಲ, ಈಚೆಗೆ ಬಿದ್ದಿಲ್ಲ. ಬಕೆಟಿಗೆ ಬಿದ್ದು ಬಾಯಿ ಹೋಗಿದ್ದು ನಿನಗೇ ಗೊತ್ತಲ್ಲ… ಏನು, ಒಳಗಿರೋದೆಲ್ಲ ಅಳಿಸಿ ಹೊಸದಾಗಿ ಶುರು ಮಾಡ್ತೀಯಾ? ಬೇಡಪ್ಪ ಬೇಡ, ಸಾಹೇಬ್ರ ಒಳಗೆಲ್ಲ ನನ್ನ ಹೆಂಡ್ತೀನೇ ತುಂಬಿದಾಳೆ… ಚೀಲಕ್ಕೆ ಹಾಕ್ಕೊಂಡು ಅಂಗಡಿಗೇ ತರ್ಲಾ?… ನಾಲ್ಕರ ಹೊತ್ತಿಗೆ ನೀನೇ ಬರ್ತೀಯಾ? ಬಾ. ಬೆನ್ನು ಬಿಚ್ಚೋ ಸಾಮಾನು ತಗೊಂಡು ಬಾ."

ಅಟೆಂಡರ್ ಚಹಾ ಹಿಡಿದು ಬಾಗಿಲ ಪಕ್ಕಕ್ಕೆ ಸರಿದ. ಕೊಠಡಿಗೆ ಇಣುಕಿದ. ಸಾಹೇಬರು ಕಣ್ಣು ಮುಚ್ಚಿ ಕುಳಿತಿದ್ದರು. ಮುಖ ಕೋಟಿನ ಸೆಕೆಗೆ ಕೆಂಪಾಗಿತ್ತು. ಅಟೆಂಡರ್ ಮೇಜನ್ನು ಮೆಲ್ಲಗೆ ತಟ್ಟಿದ. ಒಂದಿಷ್ಟು ಹೊತ್ತು ಬಿಟ್ಟು ಸಾಹೇಬರು ಕಣ್ಣು ಬಿಟ್ಟರು, "ಇಡಪ್ಪ" ಎಂದು ಮತ್ತೆ ಮುಚ್ಚಿದರು.

ಅಟೆಂಡರ್ ನೆಟ್ಟಗೆ ಟೈಪಿಸ್ಟ್ ಮೇಡಂ ಮೇಜಿಗೆ ಹೋದ.

"ಮೇಡಂ, ಹೊಸಬರ ಕಥೆ ಮುಗೀತು."

"ಯಾಕೆ, ಚಹಾ ಚೆನ್ನಾಗಿಲ್ಲ ಅಂದ್ರಾ?"

"ಚಾರ್ಜ್ ತಗೊಳ್ಳಲ್ವಂತೆ. ಮೈ ಕೆಂಡ. ಬಾಯಿ ಬೇರೆ ಹೋಗಿದೆಯಂತೆ."

"ಬಾಯಿ ಹೋಗಿದೆಯಾ? ಬೆಳಗ್ಗೆ ನನ್ ಹತ್ರ ಗೋಂದು ಕೇಳಿದ್ರಲ್ರೀ."

"ಬಕೆಟಿಗೆ ಬಿದ್ದಾಗ ಹೋಗಿದ್ದಂತೆ. ಪೂರ್ತಿ ಹೋಗಿಲ್ಲ ಅನ್ಸುತ್ತೆ." ಅಟೆಂಡರ್ ದನಿ ತಗ್ಗಿಸಿದ. "ಇನ್ನೊಂದು ವಿಷಯ ಇದೆ. ಹೇಳಬಾರದು."

ಹೇಳಬಾರದ ವಿಷಯವನ್ನು ಕೇಳಲು ಟೈಪಿಸ್ಟ್ ಮೇಡಂ ಕನ್ನಡಕ ತೆಗೆದರು. ಕಿವಿಗೂ ಕನ್ನಡಕಕ್ಕೂ ಏನು ಸಂಬಂಧವೋ ಅವರಿಗೇ ಗೊತ್ತು.

"ಹೊಸ ಸಾಹೇಬ್ರ ಮನಸ್ಸಲ್ಲೆಲ್ಲ ನಮ್ಮ ಪ್ರಭಾರಿ ಹೆಂಡ್ತಿ ತುಂಬಿದಾರಂತೆ. ಪ್ರಭಾರಿನೇ ಅಂದ್ರು, ನನ್ನ ಕಿವಿಯಾರೆ ಕೇಳ್ದೆ."

"ಅಯ್ಯೋ ಪಾಪ. ಯಾರು ಪಾಪ?" ಎಂದರು ಮೇಡಂ.

"ಅದೇ ತಿಳೀತಿಲ್ಲ. ಪ್ರಭಾರಿ ಯಾರನ್ನೋ ಕರೆಸ್ತಿದಾರೆ. ಬೆನ್ನು ಬಿಚ್ಚೋನಂತೆ."

ಈ ಸ್ಥಿತಿಯಲ್ಲಿ ಮುಖ್ಯ ಕಚೇರಿಯ ದೊಡ್ಡ ಸಾಹೇಬರು ಫೋನ್ ಮಾಡಿದರು. ಅವರಿಗೆ ಬೇಕಾದದ್ದು ಒಂದೇ ಉತ್ತರ, ಹೌದು ಅಥವಾ ಇಲ್ಲ. ಆದರೆ ಟೈಪಿಸ್ಟ್ ಮೇಡಂ ಕೇಳಿದ್ದನ್ನು ಒಂದಕ್ಷರ ಬಿಡದೆ ದಾಖಲಿಸುವವರು.

"ಬಂದಿದಾರೆ ಸಾರ್. ಕೂತಿದಾರೆ ಸಾರ್. ಆದ್ರೆ ಚಾರ್ಜ್ ತಗೊಳ್ತಿಲ್ಲ ಸಾರ್."

"ಯಾಕಂತೆ?"

"ತುಂಬಾ ಬಿಸಿ ಆಗಿದಾರೆ ಸಾರ್. ತಟ್ಟಿದ್ರೆ ಕಣ್ಣು ಬಿಡ್ತಾರೆ. ಮೇಲಿಂದ ಏನೋ ಬಂತಂತೆ, ಆಮೇಲೆ ಹಿಂಗಾಗಿದಾರಂತೆ."

ಮೇಲಿಂದ ಎಂದರೆ ತನ್ನಿಂದಲೇ ಎಂದು ದೊಡ್ಡ ಸಾಹೇಬರಿಗೆ ಕೂಡಲೇ ಹೊಳೆಯಿತು. ವರ್ಗದ ಆದೇಶ ಕಳಿಸಿದವರು ಅವರೇ. "ಓಹೋ, ನನ್ನ ಆದೇಶ ನೋಡಿ ಬಿಸಿ ಆದ್ರಾ" ಎಂದು ಗುರುಗುಟ್ಟಿ, "ನಾಲ್ಕೂವರೆ ತನಕ ನೋಡ್ತೀನಿ. ಅಷ್ಟರೊಳಗೆ ಚಾರ್ಜ್ ತಗೊಂಡಿಲ್ಲ ಅಂದ್ರೆ ಇದೆಲ್ಲ ರದ್ದು. ಪ್ರಭಾರಿನೇ ಇನ್ನೂ ಆರು ತಿಂಗಳು ಮುಂದುವರೀಲಿ" ಎಂದು ಫೋನಿಟ್ಟರು.

ಪ್ರಭಾರಿಗೆ ಇದ್ಯಾವುದೂ ಗೊತ್ತಿಲ್ಲ. ಸಾಹೇಬರು, ಎಂದರೆ ಮನುಷ್ಯ ಸಾಹೇಬರು, ಮಧ್ಯಾಹ್ನ ಮೂರರ ಹೊತ್ತಿಗೆ ಪಟ್ಟಿಯ ನಲವತ್ತೊಂದನೆಯ ಸಾಲಿಗೆ ಬಂದು ಅವನನ್ನು ಒಳಗೆ ಕರೆದಿದ್ದರು.

"ಬೀರು ಒಂದು, ಅದರೊಳಗೆ ಇಲಾಖೆ ಮುದ್ರೆ ಒಂದು. ಸರಿ. ಕೀಲಿ ಎಲ್ಲಿ?"

"ಇದೆ ಸಾರ್, ಭದ್ರವಾಗಿದೆ."

"ಎಲ್ಲಿ?"

"ಭದ್ರವಾದ ಜಾಗದಲ್ಲಿ ಸಾರ್."

"ಆ ಜಾಗ ಇಲ್ಲಿಗೆ ಬರಲಿ. ಮುದ್ರೆ ಕಣ್ಣಲ್ಲಿ ನೋಡದೆ ನಾನು ಚಾರ್ಜ್ ತಗೊಳ್ಳಲ್ಲ. ಬೇಜಾರು ಮಾಡ್ಕೋಬೇಡಿ."

ಈಗ ನಿಜವಾಗಿಯೂ ಇಬ್ಬರು ಸಾಹೇಬರೂ ಚಾರ್ಜ್ ತೆಗೆದುಕೊಳ್ಳುತ್ತಿರಲಿಲ್ಲ. ಪ್ರಭಾರಿ ಮೊದಲು ಜೇಬು ನೋಡಿದ, ಆಮೇಲೆ ಎರಡು ಚೀಲ, ಪೆಟ್ಟಿಗೆ, ಪೆಟ್ಟಿಗೆಯೊಳಗಿನ ಕಾಲುಚೀಲ, ಊಟದ ಡಬ್ಬಿ. ನೆಲದ ಮೇಲೆ ಅವನ ಬಟ್ಟೆಗಳೆಲ್ಲ ಹರಡಿ, ಕಚೇರಿಯೇ ಲಾಂಡ್ರಿಯಂತಾಯಿತು. ಇಟ್ಟ ಜಾಗ ನೆನಪಾಗಲೆಂದು ಹಿಂದಿನ ಸಂಜೆಯಂತೆಯೇ ಮತ್ತೊಮ್ಮೆ ನಡೆದಾಡಿ ನೋಡಿದ. ಮನಸ್ಸಿನಲ್ಲಿ ಎಡಕ್ಕೆ ಮನೆಯ ಕಿಟಕಿ, ಬಲಕ್ಕೆ ಹಾಸಿಗೆ, ಕೈಯಲ್ಲಿ ಕೀಲಿ, ಅಲ್ಲಿಂದ ಮುಂದೆ ಕತ್ತಲೆ. ಮನೆಯಲ್ಲೇ ಬಿಟ್ಟೆನೇನೋ ಎಂದು ಓಡಿದ.

ಅವನು ಅತ್ತ ಓಡಿದಾಗ ಇತ್ತ ಕಚೇರಿಯ ಫೋನು ರಿಂಗಾಯಿತು. ಅಟೆಂಡರ್ ಎತ್ತಿದ. ಪ್ರಭಾರಿಯ ಹೆಂಡತಿ.

"ಅಣ್ಣಾ, ಅವರ ಫೋನ್ ತಾಗ್ತಾ ಇಲ್ಲ. ಸಾಹೇಬ್ರು ಹೇಗಿದಾರೆ?"

ಅಟೆಂಡರ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಹಾಗಾದರೆ ಸುದ್ದಿ ನಿಜ. ಗಂಡನನ್ನು ಕೇಳಲಿಲ್ಲ, ಸಾಹೇಬರನ್ನು ಕೇಳಿದಳು.

"ಕೂತಿದಾರಮ್ಮ" ಎಂದ ಬಿಗಿಯಾಗಿ.

"ಚಾರ್ಜ್ ತಗೊಂಡ್ರಾ?"

"ಇಲ್ಲ."

"ಇನ್ನೂ ಬಿಸಿ ಇದಾರಾ?"

"ಇದಾರೆ."

"ಕೋಟು ಹಾಕೇ ಕೂರಿಸಿದಾರಾ ಹಾಗಾದ್ರೆ?"

"ಹೂಂ, ಕೋಟಿದೆ" ಎಂದ ಅಟೆಂಡರ್. ಆರು ಗಂಟೆಯ ದಾರಿಯಾಚೆಯಿಂದ ಇವಳಿಗೆ ಕೋಟು ಹೇಗೆ ಕಂಡಿತು?

"ನಾನು ಹೋದ ತಿಂಗಳೇ ಬಡ್ಕೊಂಡೆ, ಅಷ್ಟು ದಪ್ಪ ಕೋಟು ಬೇಡ ಅಂತ. ಅಣ್ಣಾ, ನೀವೇ ಒಂದು ಉಪಕಾರ ಮಾಡಿ. ಆ ಕೋಟು ಬಿಚ್ಚಿ, ಫ್ಯಾನ್ ಕೆಳಗೆ ಮೇಜಿನ ಮೇಲೆ ಬೋರಲು ಮಲಗಿಸಿ. ಹತ್ತು ನಿಮಿಷ. ಆಮೇಲೆ ಪೀಠದ ಮೇಲೆ ಕೂರಿಸಿ, ತಗೊಳ್ತಾರೆ."

"ಅವರು ಬಿಚ್ಚೋಕೆ ಬಿಡಬೇಕಲ್ಲಮ್ಮ."

"ಅವರು ಬಿಡೋದೇನು, ಸ್ವಲ್ಪ ಬಿಗಿ ಇದೆ ಅಷ್ಟೇ. ಒಂದು ಕೈಲಿ ಗಟ್ಟಿಯಾಗಿ ಹಿಡ್ಕೊಂಡು, ಕತ್ತಿನ ಹತ್ರ ಅಂಚಿಗೆ ಉಗುರು ಹಾಕಿ ಎಳೀರಿ. ಬರುತ್ತೆ. ನಾನು ಎಷ್ಟೋ ಸಲ ಬಿಚ್ಚಿದೀನಿ."

ಅಟೆಂಡರ್ ಫೋನಿಟ್ಟು ಗೋಡೆಗೆ ಒರಗಿದ. ಮೂವತ್ತೆಂಟು ವರ್ಷದ ನೌಕರಿಯಲ್ಲಿ ಅವನು ಸಾಹೇಬರುಗಳ ಚೀಲ ಹೊತ್ತಿದ್ದ, ಛತ್ರಿ ಹಿಡಿದಿದ್ದ. ಕೋಟು ಬಿಚ್ಚುವ ಪ್ರಸಂಗ ಬಂದಿರಲಿಲ್ಲ. ಆದರೆ ಪ್ರಭಾರಿ ರಿಲೀವ್ ಆಗುವುದು ಇದರ ಮೇಲೆ ನಿಂತಿದೆ. ಹದಿನಾಲ್ಕು ತಿಂಗಳು ತನಗೆ ಒಂದು ದಿನವೂ ಗದರದ ಮನುಷ್ಯ. ಅವನಿಗಾಗಿ ಇಷ್ಟು ಮಾಡಬಾರದೇ?

"ಮೇಡಂ, ನೀವು ಫ್ಯಾನ್ ಹಾಕಿ. ಮಿಕ್ಕಿದ್ದು ನಾನು ನೋಡ್ಕೊಳ್ತೀನಿ."

ಸಾಹೇಬರು ತೂಕಡಿಸುತ್ತಿದ್ದರು. ಅಳತೆ-ತೂಕದ ಅಧಿಕಾರಿ ತೂಕಡಿಸುವುದು ಕರ್ತವ್ಯದ ಭಾಗವೇ ಇರಬಹುದು. ಇದ್ದಕ್ಕಿದ್ದಂತೆ ತಲೆಯ ಮೇಲೆ ಫ್ಯಾನು ಬಿರ್ರೆಂದು ತಿರುಗಿ, ಹಸ್ತಾಂತರದ ಪಟ್ಟಿಯ ಹಾಳೆಗಳು ಹಾರಿದವು. ಕಣ್ಣು ಬಿಡುವಷ್ಟರಲ್ಲಿ ಒಂದು ಕೈ ಅವರ ಹೆಗಲನ್ನು ಗಟ್ಟಿಯಾಗಿ ಹಿಡಿದಿತ್ತು, ಇನ್ನೊಂದು ಕೈಯ ಉಗುರು ಕತ್ತಿನ ಹತ್ತಿರ ಕೋಟಿನ ಅಂಚಿಗೆ ಬಿದ್ದಿತ್ತು.

"ಏನಯ್ಯ ಇದು?"

"ಅಲ್ಲಾಡಬೇಡಿ ಸಾರ್, ಬರುತ್ತೆ. ಸ್ವಲ್ಪ ಬಿಗಿ ಇದೆ ಅಷ್ಟೇ."

"ಬಿಡಯ್ಯ. ಏನು ಬೇಕು ನಿನಗೆ?"

"ನನಗೇನೂ ಬೇಡ ಸಾರ್. ನೀವು ಹತ್ತು ನಿಮಿಷ ಮೇಜಿನ ಮೇಲೆ ಬೋರಲು ಮಲಗಿದ್ರೆ ಸಾಕು."

"ಯಾಕೆ ಮಲಗಬೇಕು?"

"ಚಾರ್ಜ್ ತಗೊಳ್ಳೋಕೆ ಸಾರ್."

ಸಾಹೇಬರು ಏಳು ಕಚೇರಿಗಳಲ್ಲಿ ಚಾರ್ಜ್ ತೆಗೆದುಕೊಂಡವರು. ಎಲ್ಲೂ ಬೋರಲು ಮಲಗಿರಲಿಲ್ಲ. ಅವರು ಎದ್ದು ಮೇಜಿನ ಆ ಕಡೆಗೆ ಹೋದರು. ಅಟೆಂಡರ್ ಈ ಕಡೆಯಿಂದ ಬಂದ. ಅವರು ಈ ಕಡೆಗೆ ಬಂದರು, ಅಟೆಂಡರ್ ಆ ಕಡೆಗೆ ಹೋದ. ಟೈಪಿಸ್ಟ್ ಮೇಡಂ ಫ್ಯಾನಿನ ರೆಗ್ಯುಲೇಟರಿನ ಮೇಲೆ ಕೈಯಿಟ್ಟು, "ಐದಕ್ಕೆ ಇಡ್ಲಾ?" ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಮನುಷ್ಯ ಕಾಣಿಸಿಕೊಂಡ. ಕೈಯಲ್ಲೊಂದು ಸಣ್ಣ ಪೆಟ್ಟಿಗೆ, ಕಿವಿಯ ಮೇಲೆ ಸ್ಕ್ರೂಡ್ರೈವರು.

"ಸಾಹೇಬ್ರು ಇಲ್ಲೇ ಇದಾರಾ?" ಎಂದು ಕೇಳಿದ. "ಎಲ್ಲಿ, ಹಿಡ್ಕೊಳ್ಳಿ. ಬೆನ್ನು ಬಿಚ್ಚಿ ನೋಡ್ಬಿಡ್ತೀನಿ."

ಸಾಹೇಬರು ಕಿಟಕಿ ಹತ್ತಿದರು.

ಸರಿಯಾಗಿ ಆಗ ಬರಿಗೈಯಲ್ಲಿ, ಏದುಸಿರು ಬಿಡುತ್ತ ಪ್ರಭಾರಿ ಒಳಗೆ ಬಂದ. ಕಂಡದ್ದು ಇದು: ಹೊಸ ಸಾಹೇಬರು ಕಿಟಕಿಯ ಕಟ್ಟೆಯ ಮೇಲೆ ನಿಂತು ಸರಳು ಹಿಡಿದಿದ್ದಾರೆ, ಕೋಟಿನ ಒಂದು ತೋಳು ಅಟೆಂಡರನ ಕೈಯಲ್ಲಿದೆ, ಟೈಪಿಸ್ಟ್ ಮೇಡಂ ಫ್ಯಾನಿನ ಬಳಿ, ರಿಪೇರಿಯವನು ಸ್ಕ್ರೂಡ್ರೈವರ್ ಹಿಡಿದು ಗೊಂದಲದಲ್ಲಿ.

"ಇವರಲ್ಲಪ್ಪ" ಎಂದ ರಿಪೇರಿಯವನು ಪ್ರಭಾರಿಯನ್ನು ನೋಡಿ. "ನಮ್ಮ ಸಾಹೇಬ್ರು ಎಲ್ಲಿ? ಆ ಬೆನ್ನಿಂದ ಉಣ್ಣೋರು?"

ಪ್ರಭಾರಿಗೆ ಒಂದೊಂದಾಗಿ ಅರ್ಥವಾಗತೊಡಗಿತು. ಗೋಡೆಯ ಪ್ಲಗ್ಗಿನ ಬಳಿ ಹೋಗಿ, ಕೋಟು ಹಾಕಿ ಪೀಠದ ಮೇಲೆ ಕುಳಿತಿದ್ದ ಮೊಬೈಲನ್ನು ಎತ್ತಿ ತಂದು, ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, "ಇವರು ಸಾರ್" ಎಂದ.

ಫ್ಯಾನು ಐದರಲ್ಲಿ ತಿರುಗುತ್ತಿತ್ತು.

"ನೀವು ಇದಕ್ಕೆ ಸಾಹೇಬ್ರು ಅಂತೀರಾ?" ಎಂದರು ಕಿಟಕಿಯ ಮೇಲಿನ ಸಾಹೇಬರು.

"ಮನೆಯೋರು ಅಂತಾರೆ ಸಾರ್. ಇದು ಹೇಳಿದ್ದಕ್ಕೆಲ್ಲ ನಾನು ಹೂಂ ಅಂತೀನಿ, ಅದಕ್ಕೆ."

"ಚಾರ್ಜ್ ತಗೊಳ್ತಿಲ್ಲ ಅಂದಿದ್ದು?"

"ಇವರನ್ನ ಸಾರ್."

"ಬಕೆಟಿಗೆ ಬಿದ್ದಿದ್ದು?"

"ಇವರೇ ಸಾರ್."

ಅಟೆಂಡರ್ ಕೋಟಿನ ತೋಳನ್ನು ಮೆಲ್ಲನೆ ಬಿಟ್ಟು, ಅದರ ಮೇಲಿಲ್ಲದ ಧೂಳನ್ನು ಒರೆಸಿದ. "ಮನೆಯೋರು ಒಳಗೆ ತುಂಬಿದಾರೆ ಅಂದಿದ್ದು?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಆರು ವರ್ಷದ ಫೋಟೋ ಕಣೋ. ಇನ್ನೇನು ತುಂಬಿರುತ್ತೆ."

ಇದೆಲ್ಲ ಸರಿ, ಆದರೆ ಗಡಿಯಾರ ನಾಲ್ಕು ಇಪ್ಪತ್ತೆಂಟು ತೋರಿಸುತ್ತಿತ್ತು. ಟೈಪಿಸ್ಟ್ ಮೇಡಂ ಕನ್ನಡಕ ಹಾಕಿಕೊಂಡು, ದೊಡ್ಡ ಸಾಹೇಬರು ಹೇಳಿದ ಆರು ತಿಂಗಳ ಮಾತನ್ನು ಈಗ, ಒಂದಕ್ಷರ ಬಿಡದೆ, ಓದಿ ಹೇಳಿದರು. ಪ್ರಭಾರಿ ಬೆಂಚಿನ ಮೇಲೆ ಕುಸಿದ. ಕೈಯಲ್ಲಿದ್ದ ಸಾಹೇಬರು ಕೊನೆಯದಾಗಿ ಒಮ್ಮೆ ನಡುಗಿ, ಕಣ್ಣು ಮುಚ್ಚಿದರು. ಬ್ಯಾಟರಿ ಸೊನ್ನೆ.

"ಅಪ್‌ಡೇಟಿಂದಾನೇ" ಎಂದ ರಿಪೇರಿಯವನು ವೈದ್ಯರ ಧಾಟಿಯಲ್ಲಿ. "ಅಪ್‌ಡೇಟ್ ಆದ್ಮೇಲೆ ಎರಡು ದಿನ ಸ್ಲೋ ಇರ್ತಾರೆ, ಅದು ಸಹಜ. ಆದ್ರೆ ಪೀಠಾನೇ ಗುರುತು ಹಿಡೀದೆ ಇಷ್ಟು ಬಿಸಿ ಆಗೋದು ನಾನು ನೋಡಿಲ್ಲ. ನಡುವೆ ಏನಾದ್ರೂ ಅಡ್ಡ ಇದ್ರೆ ಆಗುತ್ತೆ. ಎಲ್ಲ ಅಳಿಸಿಬಿಡೋಣ, ಮೂರು ಗಂಟೆ ಕೆಲಸ."

ಹೊಸ ಸಾಹೇಬರು ಕಿಟಕಿಯಿಂದ ಇಳಿದರು, ಕೋಟು ಸರಿ ಮಾಡಿಕೊಂಡರು. ಅವರು ಪಟ್ಟಿ ಹಿಡಿದು ಒಂದೊಂದೇ ನೋಡುವ ಜಾತಿಯವರೆಂದು ಆಗಲೇ ಹೇಳಿದೆ.

"ಇಷ್ಟು ಹೊತ್ತು ನನ್ನ ಕೋಟಿಗೆ ಕೈ ಹಾಕಿದಿರಲ್ಲ," ಎಂದರು, "ಇವರ ಕೋಟು ಯಾರಾದ್ರೂ ಬಿಚ್ಚಿ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಪ್ರಭಾರಿ ಒಂದು ಕೈಲಿ ಗಟ್ಟಿಯಾಗಿ ಹಿಡಿದು, ಅಂಚಿಗೆ ಉಗುರು ಹಾಕಿ ಎಳೆದ. ಸ್ವಲ್ಪ ಬಿಗಿ ಇತ್ತು, ಬಂತು. ಚರ್ಮದ ಕವರಿಗೂ ಸಾಹೇಬರ ಬೆನ್ನಿಗೂ ನಡುವಿನಿಂದ ಚಪ್ಪಟೆಯಾದ, ಬಿಸಿಯಾದ, ಉಕ್ಕಿನ ತುಂಡೊಂದು ಜಾರಿ ಮೇಜಿನ ಮೇಲೆ ಟಣ್ ಎಂದಿತು.

ಬೀರುವಿನ ಕೀಲಿ.

"ಭದ್ರವಾದ ಜಾಗ" ಎಂದರು ಸಾಹೇಬರು.

"ನಾನು ಏನು ಮರೆತ್ರೂ ಇದೊಂದನ್ನ ಮರೆಯಲ್ಲ ಸಾರ್" ಎಂದ ಪ್ರಭಾರಿ, ಮೊಬೈಲನ್ನು ತೋರಿಸಿ. "ಅದಕ್ಕೇ ಇದರೊಳಗೆ ಇಟ್ಟೆ."

ಬೆನ್ನಿಗೂ ಪೀಠಕ್ಕೂ ನಡುವೆ ಉಕ್ಕು ತೂರಿಸಿದರೆ ಸಾಹೇಬರು ಬಿಸಿಯಾಗದೆ ಇನ್ನೇನಾಗುತ್ತಾರೆ? ಬರಿಮೈಯಲ್ಲಿ ಪೀಠದ ಮೇಲೆ ಕೂರಿಸಿದ ಕೂಡಲೇ ಹಸಿರು ದೀಪ ಹತ್ತಿತು. ಪಾಪದ ಅಪ್‌ಡೇಟು ಬೆಳಗ್ಗಿನಿಂದ ಬೈಸಿಕೊಂಡದ್ದೇ ಬಂತು. ಆದರೂ ಅದರ ನಿಧಾನ ಅದರದ್ದೇ. ಕಣ್ಣು ಬಿಟ್ಟ ಸಾಹೇಬರು "ಸಿದ್ಧಗೊಳ್ಳುತ್ತಿದೆ, 1/214" ಎಂದರು. ಆ ಹೊತ್ತಿಗೆ ಹೊಸ ಸಾಹೇಬರು ಬೀರು ತೆಗೆದು, ಮುದ್ರೆ ನೋಡಿ, ನಲವತ್ತೊಂದನೆಯ ಸಾಲಿಗೆ ಗುರುತು ಹಾಕಿ ಬಂದರು. ಐವರೂ ಪೀಠದ ಸುತ್ತ ನಿಂತರು. ಹೆರಿಗೆ ಕೋಣೆಯ ಹೊರಗೆ ನಿಂತವರೂ ಅಷ್ಟು ಹತ್ತಿರ ಹತ್ತಿರ ನಿಲ್ಲುವುದಿಲ್ಲ. 96/214. 97/214.

ಕಚೇರಿಯ ಫೋನು ರಿಂಗಾಯಿತು. ದೊಡ್ಡ ಸಾಹೇಬರು. ಈ ಸಲ ಹೊಸ ಸಾಹೇಬರೇ ಎತ್ತಿದರು, ಕಣ್ಣು ಮಾತ್ರ ಪೀಠದ ಮೇಲೆಯೇ.

"ಏನ್ರೀ, ನನ್ನ ಆದೇಶ ನೋಡಿ ಬಿಸಿ ಆಗಿದೀರಂತೆ?"

"ಈಗ ತಣ್ಣಗಾಗಿದೆ ಸಾರ್. ಕೋಟು ಬಿಚ್ಚಿದ್ವಿ."

"ಚಾರ್ಜ್ ತಗೊಂಡ್ರಾ ಇಲ್ವಾ?"

"ತಗೊಳ್ತಿದೆ ಸಾರ್. ನಾಲ್ಕು ಪರ್ಸೆಂಟ್ ಆಗಿದೆ."

ದೊಡ್ಡ ಸಾಹೇಬರು, "ಪೂರ್ತಿ ತಗೊಂಡ ಮೇಲೆ ಹೇಳಿ" ಎಂದು ಮೆತ್ತಗೆ ಫೋನಿಟ್ಟರು. ಹೊಸಬರ ತಲೆ ಸರಿಯಿಲ್ಲ, ಆದರೆ ಕಚೇರಿಯ ಕೆಲಸಕ್ಕೆ ಅದೇನೂ ಅಡ್ಡಿಯಿಲ್ಲ ಎಂದುಕೊಂಡರೋ ಏನೋ.

ನಾಲ್ಕು ಐವತ್ತಾರಕ್ಕೆ 214/214. ನಾಲ್ಕು ಐವತ್ತೇಳಕ್ಕೆ ಸಾಹೇಬರು ನಡುಗಿದರು. ಆರಂಕಿ ಬಂತು. ಪ್ರಭಾರಿ ಒಂದೊಂದೇ ಅಂಕಿ ಹೇಳಿದ, ಟೈಪಿಸ್ಟ್ ಮೇಡಂ ಒಂದೊಂದೇ ಒತ್ತಿದರು. ಅಟೆಂಡರ್, ಕಿವಿ ಮಂದವಾದರೂ, ಪ್ರತಿಯೊಂದನ್ನೂ ಇನ್ನೊಮ್ಮೆ ಗಟ್ಟಿಯಾಗಿ ತಪ್ಪು ಹೇಳಿದ. ಐದಕ್ಕೆ ಒಂದು ನಿಮಿಷವಿರುವಾಗ ಕಂಪ್ಯೂಟರಿನ ಮೇಲೆ ಹಸಿರು ಅಕ್ಷರ ಮೂಡಿತು: "ಪ್ರಭಾರ ಹಸ್ತಾಂತರ ಯಶಸ್ವಿ."

ಪ್ರಭಾರಿ ಅದನ್ನು ಎರಡು ಸಲ ಓದಿದ. ಮೂರನೆಯ ಸಲ ಓದಲು ಕಣ್ಣು ಮಂಜಾಯಿತು. ಅಪ್‌ಡೇಟಿನ ತೊಂದರೆಯಲ್ಲ.

ನೆಲದ ಮೇಲಿನ ಬಟ್ಟೆಗಳನ್ನು ಎಲ್ಲರೂ ಸೇರಿ ಪೆಟ್ಟಿಗೆಗೆ ತುಂಬಿದರು. ಕಾಲುಚೀಲದ ಜೋಡಿ ಹುಡುಕಿಕೊಟ್ಟವರು ಹೊಸ ಸಾಹೇಬರೇ. ಅಟೆಂಡರ್ ಚೀಲ ಹೊತ್ತು ಬಾಗಿಲತನಕ ಬಂದ. ಅಷ್ಟರಲ್ಲಿ ಜೇಬಿನಲ್ಲಿ ಸಾಹೇಬರು ಹಾಡಿದರು. ಹೆಂಡತಿ.

"ಏನಾಯ್ತ್ರೀ? ಸಾಹೇಬ್ರು ಚಾರ್ಜ್ ತಗೊಂಡ್ರಾ?"

"ಇಬ್ರೂ ತಗೊಂಡ್ರು ಕಣೇ."

"ಇಬ್ರೂ ಅಂದ್ರೆ?"

"ಮನೆಗೆ ಬಂದು ಹೇಳ್ತೀನಿ."

ಆರು ವರ್ಷದಲ್ಲಿ ಅವನು ಆ ಮಾತು ಹೇಳಿದ್ದು ಅದೇ ಮೊದಲು. ಆ ಕಡೆಯಿಂದ ಅವಳು, "ಕೋಟು ಹಾಕ್ಕೊಂಡು ಬನ್ನಿ, ಬಸ್ಸಲ್ಲಿ ಚಳಿ. ನಿಮಗೆ ಹೇಳ್ತಿರೋದು, ಅವರಿಗಲ್ಲ" ಎಂದಳು.

ಬಾಗಿಲಲ್ಲಿ ತೂಕದ ಯಂತ್ರ. ಪ್ರಭಾರಿ, ಈಗ ಪ್ರಭಾರಿಯಲ್ಲದ ಪ್ರಭಾರಿ, ಕೊನೆಯ ಸಲ ಅದರ ಮೇಲೆ ಹತ್ತಿ ನಿಂತ. ಅಟೆಂಡರ್ ಬಗ್ಗಿ ಮುಳ್ಳು ನೋಡಿದ.

"ಎಪ್ಪತ್ತೆರಡು. ಬೆಳಗ್ಗೆ ಇದ್ದಷ್ಟೇ. ಒಂದು ಗುಂಜಿನೂ ಇಳಿದಿಲ್ಲ."

ತೂಕದ ಯಂತ್ರದ ಮೈಮೇಲೆ ಇಲಾಖೆಯ ಮುದ್ರೆಯ ಗುರುತು ಮಿರಮಿರ ಮಿಂಚುತ್ತಿತ್ತು. ಹೋದ ತಿಂಗಳು ತಾನೇ ಕೈಯಾರೆ ಒತ್ತಿದ ಮುದ್ರೆ. ಅವನು ಅದನ್ನೊಮ್ಮೆ ನೋಡಿದ, ಪೆಟ್ಟಿಗೆಯನ್ನೂ ಎರಡೂ ಚೀಲಗಳನ್ನೂ ಹಗುರವಾಗಿ ಎತ್ತಿಕೊಂಡ.

"ಕೆಟ್ಟಿದೆ ಬಿಡಪ್ಪ" ಎಂದು ಬಸ್ಸಿನ ಕಡೆ ನಡೆದ. "ಹೊಸ ಸಾಹೇಬ್ರಿಗೆ ಹೇಳಿ ರಿಪೇರಿ ಮಾಡ್ಸು."